ಸ್ವನಿರ್ಮಿತ ವಿಮಾನದ ಎಂಜಿನ್ ಹೊದಿಕೆ: ಒಂದು ಅಧ್ಯಯನ

ಪೀಠಿಕೆ

ವಿಮಾನವೆಂದೊಡನೆ ಸಾಮಾನ್ಯರ ಕಣ್ಣ ಮುಂದೆ ನಿಲ್ಲುವುದು ಅದರ ರೆಕ್ಕೆ, ಬಾಲ ಮತ್ತು ತಿರುಗುವ ಪ್ರೊಪೆಲರ್. ಎಂಜಿನ್ನನ್ನು ಮುಚ್ಚಿಕೊಂಡಿರುವ ಹೊದಿಕೆಯನ್ನು ಗಮನಿಸುವವರು ವಿರಳ. ನೋಡುವವರಿಗೆ ಅದು ಅಂದಕ್ಕಾಗಿ ತೊಡಿಸಿದ ಮುಸುಕಿನಂತೆ ತೋರುವುದು ಸಹಜ. ಆದರೆ ಕೌಲಿಂಗ್ ಎಂದು ಕರೆಯಲಾಗುವ ಈ ಹೊದಿಕೆ ವಿಮಾನದ ವೇಗವನ್ನೂ ಎಂಜಿನ್ನಿನ ಆಯುಸ್ಸನ್ನೂ, ಕೆಲವೊಮ್ಮೆ ಚಾಲಕನ ಪ್ರಾಣವನ್ನೂ ನಿರ್ಧರಿಸುವಂಥದು. ಅದನ್ನು ಪರಿಷ್ಕರಿಸುವ ಕೆಲಸದಲ್ಲಿ ಭೌತವಿಜ್ಞಾನದ ಹಲವು ಪಾಠಗಳು ಒಂದೆಡೆ ಕೂಡಿಬಂದಿವೆ. ಆದುದರಿಂದ ವಿಷಯವು ದೂರದ್ದೆನಿಸಿದರೂ ಶಿಕ್ಷಕರ ಮತ್ತು ವಿದ್ಯಾರ್ಥಿಗಳ ಗಮನಕ್ಕೆ ಯೋಗ್ಯವಾದುದು.

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಸ್ವಂತ ಮನೆಯ ಕಾರುಶೆಡ್ಡಿನಲ್ಲಿಯೇ ವಿಮಾನವನ್ನು ಕಟ್ಟಿ ಹಾರಿಸುವ ಹವ್ಯಾಸಿಗಳು ಸಾವಿರಾರು ಮಂದಿ ಇದ್ದಾರೆ. ೧೯೫೩ರಲ್ಲಿ ಪಾಲ್ ಪೊಬೆರೆಜ್ನಿ ಎಂಬವರು ಮಿಲ್ವಾಕೀ ನಗರದಲ್ಲಿ ಗೆಳೆಯರೊಡನೆ ಸ್ಥಾಪಿಸಿದ ಎಕ್ಸ್‌ಪೆರಿಮೆಂಟಲ್ ಏರ್‌ಕ್ರಾಫ್ಟ್ ಅಸೋಸಿಯೇಷನ್ ಈ ಹವ್ಯಾಸಕ್ಕೆ ಒಂದು ವ್ಯವಸ್ಥಿತ ರೂಪವನ್ನು ಕೊಟ್ಟಿತು. ರಿಚರ್ಡ್ ವ್ಯಾನ್‌ಗ್ರನ್ಸ್‌ವೆನ್ ಎಂಬ ಎಂಜಿನಿಯರರು ರಚಿಸಿದ ಆರ್‌ವಿ-೩ ಎಂಬ ಪುಟ್ಟ ವಿಮಾನವು ೧೯೭೧ರಲ್ಲಿ ಹಾರಿತು. ಅದೇ ಮಾಲಿಕೆಯಲ್ಲಿ ಹವ್ಯಾಸಿಗಳು ಕಟ್ಟಿ ಹಾರಿಸಿದ ವಿಮಾನಗಳ ಸಂಖ್ಯೆ ಈಗ ಹತ್ತು ಸಾವಿರವನ್ನು ದಾಟಿದೆ.

ಇಂತಹ ವಿಮಾನಗಳ ಬಗೆಗೆ ಅಲ್ಲಿನ ಕಾನೂನಿನಲ್ಲಿ ಅರ್ಥಪೂರ್ಣವಾದೊಂದು ಮಾತುಂಟು. ವಿಮಾನದ ನಿರ್ಮಾಣ ಕಾರ್ಯದಲ್ಲಿ ಅರ್ಧಕ್ಕಿಂತ ಹೆಚ್ಚಿನ ಪಾಲನ್ನು ಹವ್ಯಾಸಿಗಳೇ ಮಾಡಿರಬೇಕು. ಆ ಕಾರ್ಯವನ್ನು ಅವರು ಕೇವಲ ತಮ್ಮ ಶಿಕ್ಷಣಕ್ಕಾಗಿ ಅಥವಾ ಮನೋಲ್ಲಾಸಕ್ಕಾಗಿ ಕೈಗೊಂಡಿರಬೇಕು. ವಿಮಾನ ಕಟ್ಟುವುದಕ್ಕೆ ಕಾನೂನು ಒಪ್ಪುವ ಕಾರಣಗಳಲ್ಲಿ ಶಿಕ್ಷಣವೂ ಒಂದು! ಈ ಮಾತು ಎಷ್ಟು ಸತ್ಯವೆಂಬುದು ಎಂಜಿನ್ ಹೊದಿಕೆಯನ್ನು ಸರಿಪಡಿಸಲು ಹೊರಟಾಗ ಚೆನ್ನಾಗಿ ಮನಗಾಣುತ್ತದೆ.

ಒಂದು ಐತಿಹಾಸಿಕ ಪ್ರಯೋಗ

ಗಾಳಿಯಿಂದ ತಣಿಯುವ ಎಂಜಿನ್‌ಗಳಲ್ಲಿ ಹಲವಕ್ಕೆ ಮೊದಮೊದಲು ಪೂರ್ಣ ಹೊದಿಕೆ ಇರಲಿಲ್ಲ. ಸಿಲಿಂಡರುಗಳು ಚಕ್ರದ ಅರಗಳಂತೆ ಸುತ್ತಲೂ ಚಾಚಿಕೊಂಡು ಗಾಳಿಗೆ ತೆರೆದೇ ಇರುತ್ತಿದ್ದವು. ತೆರೆದಿಟ್ಟರೆ ತಾನೇ ತಣಿದೀತು ಎಂಬುದು ಅಂದಿನ ಸಾಮಾನ್ಯ ಭಾವನೆ. ಆದರೆ ಹೀಗೆ ಚಾಚಿಕೊಂಡ ಸಿಲಿಂಡರುಗಳು ಗಾಳಿಯನ್ನು ಕದಡಿ ವಿಮಾನದ ಓಟಕ್ಕೆ ಬಲವಾದ ತಡೆಯನ್ನೊಡ್ಡುತ್ತಿದ್ದವು.

ಇಂದಿನ ನಾಸಾ ಸಂಸ್ಥೆಯ ಪೂರ್ವಜವಾದ ನಾಕಾ ಸಂಸ್ಥೆಗೆ ವರ್ಜೀನಿಯಾ ರಾಜ್ಯದ ಲ್ಯಾಂಗ್ಲಿ ಎಂಬಲ್ಲಿ ಒಂದು ಪ್ರಯೋಗಾಲಯವಿತ್ತು. ಸುಮಾರು ೬ ಮೀಟರ್ ವ್ಯಾಸದ ಗಾಳಿಯ ಪ್ರವಾಹವನ್ನು ಹರಿಸಬಲ್ಲ ಗಾಳಿಸುರಂಗವೊಂದು ಅಲ್ಲಿ ೧೯೨೭ರಲ್ಲಿ ಸಿದ್ಧವಾಯಿತು. ಫ್ರೆಡ್ ವೀಕ್ ಎಂಬ ಎಂಜಿನಿಯರರ ನೇತೃತ್ವದಲ್ಲಿ ನಿಜವಾದ ಎಂಜಿನ್ನನ್ನೇ ಅದರೊಳಗಿಟ್ಟು, ಏನೂ ಮುಚ್ಚದಿರುವುದರಿಂದ ಹಿಡಿದು ಪೂರ್ತಿಯಾಗಿ ಮುಚ್ಚುವವರೆಗೆ ಹಲವು ಬಗೆಯ ಹೊದಿಕೆಗಳನ್ನು ಒಂದಾದ ಮೇಲೊಂದರಂತೆ ಪರೀಕ್ಷಿಸಲಾಯಿತು. ೧೯೨೮ರಲ್ಲಿ ಪ್ರಕಟವಾದ ಫಲಿತಾಂಶವು ಎಲ್ಲರನ್ನೂ ಬೆರಗುಗೊಳಿಸಿತು. ಎಂಜಿನ್ನನ್ನು ಪೂರ್ತಿ ಮುಚ್ಚಿ, ಒಳಬಂದ ಗಾಳಿಯನ್ನು ತಗಡುಗಳ ಸಹಾಯದಿಂದ ಸಿಲಿಂಡರುಗಳಿಗೆ ಒತ್ತಿ ಹರಿಯುವಂತೆ ಮಾಡಿ, ಹಿಂದಿನ ಕಿರಿದಾದ ಸಂದಿನ ಮೂಲಕ ಹೊರಬಿಟ್ಟರೆ ಗಾಳಿಯ ತಡೆ ಬಹಳವಾಗಿ ಇಳಿಯುತ್ತಿತ್ತು. ಎಂಜಿನ್ನೂ ತಕ್ಕಷ್ಟು ತಣಿಯುತ್ತಿತ್ತು. ಕರ್ಟಿಸ್ ಹಾಕ್ ಎಂಬ ವಿಮಾನಕ್ಕೆ ಈ ಹೊದಿಕೆಯನ್ನು ತೊಡಿಸಿದಾಗ ಅದರ ವೇಗ ಗಂಟೆಗೆ ಸುಮಾರು ೧೯೦ ಕಿ.ಮೀ.ಯಿಂದ ೨೨೦ ಕಿ.ಮೀ.ಗೆ ಏರಿತು. ಎಂಜಿನ್ನಿನ ಶಕ್ತಿಯನ್ನು ಒಂದಿಷ್ಟೂ ಹೆಚ್ಚಿಸಿರಲಿಲ್ಲ. ಈ ಸಾಧನೆಗಾಗಿ ನಾಕಾ ಸಂಸ್ಥೆಗೆ ೧೯೨೯ನೆಯ ವರ್ಷದ ಕಾಲಿಯರ್ ಪಾರಿತೋಷಕ ಸಂದಿತು. ಅದೇ ವೀಕ್ ೧೯೩೦ರ ದಶಕದಲ್ಲಿ ತಮ್ಮ ಕೆಲವು ಸಹೋದ್ಯೋಗಿಗಳನ್ನು ಕೂಡಿಕೊಂಡು ಬಿಡುವಿನ ವೇಳೆಯಲ್ಲಿ ಡಬ್ಲ್ಯೂ-೧ ಎಂಬ ಪುಟ್ಟ ವಿಮಾನವನ್ನು ಸ್ವತಃ ಕಟ್ಟಿದರೆಂಬುದು ಇಲ್ಲಿ ಸ್ಮರಣೀಯ.

ಈ ಪ್ರಯೋಗದಿಂದ ದೊರೆತ ಪಾಠವು ಚಿಕ್ಕದು, ಆದರೆ ಬೆಲೆಯುಳ್ಳದ್ದು. ಎಂಜಿನ್ನನ್ನು ತಣಿಸುವುದು ಗಾಳಿಯ ಪ್ರಮಾಣವೊಂದೇ ಅಲ್ಲ. ಗಾಳಿ ಹಿಡಿಯುವ ದಾರಿ.

ಶಾಖದ ಲೆಕ್ಕಾಚಾರ

ಮೈಸೂರಿನಲ್ಲಿ ೧೯೯೬ರವರೆಗೆ ತಯಾರಾಗುತ್ತಿದ್ದ ಜಾವಾ, ಯೆಜ್ದಿ ಮೋಟಾರು ಸೈಕಲ್ಲುಗಳ ಸಿಲಿಂಡರನ್ನು ನೋಡಿದವರಿಗೆ ಅದರ ಸುತ್ತಲೂ ಪದರ ಪದರವಾಗಿ ಜೋಡಿಸಿದಂತಿರುವ ಲೋಹದ ಪಟ್ಟಿಗಳು ನೆನಪಿರುತ್ತವೆ. ಫಿನ್ ಎಂದು ಕರೆಯುವ ಈ ಪಟ್ಟಿಗಳು ಶಾಖವನ್ನು ಗಾಳಿಗೆ ಒಪ್ಪಿಸುವ ಕೆಲಸ ಮಾಡುತ್ತವೆ. ಸ್ವನಿರ್ಮಿತ ವಿಮಾನಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ಲೈಕಮಿಂಗ್ ಎಂಜಿನ್ನಿನಲ್ಲಿಯೂ ಇದೇ ಏರ್ಪಾಡು. ಅದರ ನಾಲ್ಕು ಸಿಲಿಂಡರುಗಳು ಎಡಕ್ಕೆರಡು ಬಲಕ್ಕೆರಡಾಗಿ ಮಲಗಿರುತ್ತವೆ.

ಪೆಟ್ರೋಲಿನಲ್ಲಿರುವ ಶಕ್ತಿಯಲ್ಲಿ ಸುಮಾರು ಶೇಕಡ ೨೫ರಿಂದ ೩೦ರಷ್ಟು ಮಾತ್ರ ಪ್ರೊಪೆಲರನ್ನು ತಿರುಗಿಸುತ್ತದೆ. ಶೇಕಡ ೪೦ರಿಂದ ೪೫ರಷ್ಟು ಹೊಗೆಯೊಡನೆ ಹೊರಹೋಗುತ್ತದೆ. ಶೇಕಡ ೫ರಿಂದ ೧೦ರಷ್ಟು ಘರ್ಷಣೆಯಲ್ಲಿ ನಷ್ಟವಾಗುತ್ತದೆ. ಉಳಿದ ಶೇಕಡ ೧೫ರಿಂದ ೨೦ರಷ್ಟನ್ನು ಫಿನ್‌ಗಳು ಗಾಳಿಗೆ ಬಿಟ್ಟುಕೊಡಬೇಕು. ೧೮೦ ಅಶ್ವಶಕ್ತಿಯ ಎಂಜಿನ್ ತನ್ನ ಮುಕ್ಕಾಲು ಶಕ್ತಿಯಲ್ಲಿ, ಅಂದರೆ ಸುಮಾರು ೧೦೦ ಕಿಲೋವಾಟಿನಲ್ಲಿ ಓಡುತ್ತಿದೆಯೆಂದು ಎಣಿಸೋಣ. ಆಗ ಉರಿಯುವ ಪೆಟ್ರೋಲಿನ ಶಕ್ತಿ ಹೆಚ್ಚುಕಡಮೆ ೩೬೦ ಕಿಲೋವಾಟ್. ಅದರಲ್ಲಿ ಶೇಕಡ ೧೫ ಎಂದರೆ ೫೪ ಕಿಲೋವಾಟ್. ಒಂದೊಂದು ಕಿಲೋವಾಟಿನ ೫೪ ವಿದ್ಯುತ್ ಒಲೆಗಳನ್ನು ಒಂದು ಪೆಟ್ಟಿಗೆಯೊಳಗಿಟ್ಟು ಹೊತ್ತಿಸಿದರೆ ಹುಟ್ಟುವಷ್ಟು ಶಾಖವದು! ಸೆಕೆಂಡಿಗೆ ೧ ಕಿ.ಗ್ರಾಂ. ಗಾಳಿ ಒಳಹರಿದರೆ ಆ ಗಾಳಿಯು ಹೊರಬರುವಷ್ಟರಲ್ಲಿ ೫೪ ಡಿಗ್ರಿಗಳಷ್ಟು ಬಿಸಿಯಾಗಿರುತ್ತದೆ. ಗಾಳಿ ಇದಕ್ಕಿಂತ ಕಡಮೆಯಾದರೆ ಸಿಲಿಂಡರಿನ ತಲೆಭಾಗ ಕಾಯತೊಡಗುತ್ತದೆ. ಬಹುಪಾಲು ಲೈಕಮಿಂಗ್ ಎಂಜಿನ್‌ಗಳಲ್ಲಿ ಈ ಭಾಗದ ಉಷ್ಣತೆ ೨೬೦ ಡಿಗ್ರಿ ಸೆಂಟಿಗ್ರೇಡನ್ನು ಎಂದಿಗೂ ಮೀರಕೂಡದು. ಎಂಜಿನ್ ಬಹುಕಾಲ ಬಾಳಬೇಕಾದರೆ ೨೨೪ ಡಿಗ್ರಿಗಿಂತ ಕೆಳಗಿರುವುದು ಲೇಸು.

ಕಷ್ಟವು ಹೆಚ್ಚಾಗಿ ಕಾಣುವುದು ವಿಮಾನ ಮೇಲೇರುವಾಗ. ಗಾಳಿಯನ್ನು ಎಂಜಿನ್ನಿನ ಮೂಲಕ ನೂಕುವ ಒತ್ತಡವು ವೇಗದ ವರ್ಗಕ್ಕೆ ಅನುಗುಣವಾದುದು. ಗಂಟೆಗೆ ೩೦೦ ಕಿ.ಮೀ. ವೇಗದಲ್ಲಿ ಆ ಒತ್ತಡ ಸುಮಾರು ೪೩ ಸೆಂ.ಮೀ. ಎತ್ತರದ ನೀರಿನ ಕಂಬಕ್ಕೆ ಸಮನಾದರೆ, ಅದರ ಅರ್ಧ ವೇಗದಲ್ಲಿ ೧೧ ಸೆಂ.ಮೀ. ಮಾತ್ರ. ಮೇಲೇರುವ ವಿಮಾನದ ಎಂಜಿನ್ ಪೂರ್ಣಶಕ್ತಿಯಲ್ಲಿ ದುಡಿಯುತ್ತಿರುತ್ತದೆ, ವೇಗವೋ ಕಡಮೆ. ಶಾಖ ಅತಿ ಹೆಚ್ಚು ಹುಟ್ಟುವ ಹೊತ್ತಿನಲ್ಲಿಯೇ ತಣಿಸುವ ಗಾಳಿ ಅತಿ ಕಡಮೆ! ನೆಲದಿಂದ ಆಗತಾನೆ ಏಳುತ್ತಿರುವ ವಿಮಾನದಲ್ಲಿ ಎಂಜಿನ್ ಕೆಟ್ಟರೆ ಚಾಲಕನಿಗೆ ಬೇರೆ ದಾರಿ ಹುಡುಕಲು ಎತ್ತರವೂ ಇರುವುದಿಲ್ಲ, ಸಮಯವೂ ಇರುವುದಿಲ್ಲ.

ಗಾಳಿಯ ಸಂಚಾರ ಮಾರ್ಗ

ಸಾಮಾನ್ಯ ಸ್ವನಿರ್ಮಿತ ವಿಮಾನದಲ್ಲಿ ಪ್ರೊಪೆಲರಿನ ಎರಡು ಪಕ್ಕಗಳಲ್ಲಿ ಒಂದೊಂದು ಗವಾಕ್ಷಿಯಿರುತ್ತದೆ. ಅವುಗಳಿಂದ ಒಳಹೊಕ್ಕ ಗಾಳಿ ಎಂಜಿನ್ನಿನ ಮೇಲ್ಗಡೆಯ ಕೋಣೆಯಲ್ಲಿ ತುಂಬುತ್ತದೆ. ಎಂಜಿನ್ನಿನ ಸುತ್ತಲೂ ಬ್ಯಾಫಲ್ ಎಂಬ ಅಲ್ಯೂಮಿನಿಯಂ ತಡೆತಗಡುಗಳಿದ್ದು, ಅವುಗಳ ಅಂಚಿಗೆ ಜೋಡಿಸಿದ ರಬ್ಬರು ಪಟ್ಟಿ ಮೇಲಿನ ಹೊದಿಕೆಗೆ ಒತ್ತಿಕೊಂಡಿರುತ್ತದೆ. ಹೀಗಾಗಿ ಗಾಳಿಗೆ ಫಿನ್‌ಗಳ ನಡುವೆ ಇಳಿಯುವುದಲ್ಲದೆ ಬೇರೆ ಗತಿಯಿಲ್ಲ. ಇಳಿದ ಗಾಳಿಯು ಕೆಳಗಿನ ಕೋಣೆಯನ್ನು ಸೇರಿ, ಹೊದಿಕೆಯ ಹಿಂಬದಿಯ ತಳದಲ್ಲಿ ಹೊಗೆಕೊಳವೆಗಳ ಬಳಿಯಿರುವ ಬಾಯಿಂದ ಹೊರಬೀಳುತ್ತದೆ.

ಎಂಜಿನ್ ಕಾಯುತ್ತಿದೆಯೆಂದು ಕಂಡೊಡನೆ ಹೊಸಬರು ಮಾಡಹೊರಡುವುದು ಮುಂದಿನ ಗವಾಕ್ಷಿಯನ್ನು ದೊಡ್ಡದು ಮಾಡುವ ಕೆಲಸ. ಹಲವು ವೇಳೆ ಇದರಿಂದ ಏನೂ ಪ್ರಯೋಜನವಾಗುವುದಿಲ್ಲ. ಗಾಳಿ ಹರಿಯುವುದು ಮೇಲಿನ ಮತ್ತು ಕೆಳಗಿನ ಕೋಣೆಗಳ ಒತ್ತಡದ ಅಂತರದಿಂದ. ಕೆಳಗಿನ ಕೋಣೆಯ ಗಾಳಿ ಹೊರಹೋಗಲಾರದೆ ತುಂಬಿಕೊಂಡಿದ್ದರೆ, ಮೇಲಿನ ಬಾಗಿಲನ್ನು ಎಷ್ಟು ಅಗಲಿಸಿದರೂ ಹೆಚ್ಚಿನ ಗಾಳಿ ಒಳಬಾರದೆ ಹೊದಿಕೆಯ ಹೊರಮೈ ಸುತ್ತಿ ಹೋಗುತ್ತದೆ. ವಿಮಾನದ ಓಟಕ್ಕೆ ತಡೆ ಮಾತ್ರ ಹೆಚ್ಚುತ್ತದೆ.

ಪರಿಷ್ಕರಣದ ಮೂರು ಹಂತಗಳು

ಅನುಭವಿಗಳು ಮೊದಲು ಮಾಡುವ ಕೆಲಸ ಸೋರಿಕೆಯನ್ನು ಹುಡುಕುವುದು. ನೀರಾವರಿ ಕಾಲುವೆಯ ಏರಿಯಲ್ಲಿ ಬಿರುಕುಗಳಿದ್ದರೆ ತೂಬಿನಲ್ಲಿ ಎಷ್ಟು ನೀರು ಬಿಟ್ಟರೂ ಕೊನೆಯ ಹೊಲಕ್ಕೆ ನೀರು ಮುಟ್ಟುವುದಿಲ್ಲವೆಂಬುದು ಯಾವ ರೈತನಿಗೂ ತಿಳಿದ ಸಂಗತಿ. ತಡೆತಗಡುಗಳ ಕೀಲುಗಳಲ್ಲಿ, ತಂತಿ ಮತ್ತು ಕೊಳವೆಗಳು ಹಾದುಹೋಗುವ ರಂಧ್ರಗಳಲ್ಲಿ, ಮಡಚಿಕೊಂಡ ರಬ್ಬರು ಪಟ್ಟಿಗಳ ಬಳಿಯಲ್ಲಿ ಇಂತಹ ಬಿರುಕುಗಳು ಅಡಗಿರುತ್ತವೆ. ಕತ್ತಲೆಯ ಕೋಣೆಯಲ್ಲಿ ಹೊದಿಕೆಯೊಳಗೆ ಪ್ರಖರವಾದ ದೀಪವಿಟ್ಟು ನೋಡಿದರೆ ಬೆಳಕು ಸೋರುವ ಕಡೆಯಲ್ಲೆಲ್ಲ ಗಾಳಿಯೂ ಸೋರುತ್ತದೆಯೆಂದು ತಿಳಿಯುತ್ತದೆ. ಶಾಖರೋಧಕ ರಬ್ಬರಿನಂತಹ ಅಂಟಿನಿಂದ ಇವನ್ನು ಮುಚ್ಚುವುದು ಅಲ್ಪ ವೆಚ್ಚದ ಕೆಲಸವಾದರೂ ಅದರಿಂದಾಗುವ ಲಾಭ ಅಲ್ಪವಲ್ಲ. ಕೆಲವರು ರಬ್ಬರು ಪಟ್ಟಿಯನ್ನೇ ಬಿಟ್ಟು ಮೇಲಿನ ಕೋಣೆಗೆ ನಾರುಗಾಜಿನ ಪ್ರತ್ಯೇಕ ಮುಚ್ಚಳವನ್ನು ಬಿಗಿಯುವುದೂ ಉಂಟು.

ಇದಕ್ಕೆ ವಿರುದ್ಧವಾದ ದೋಷವೂ ಒಂದಿದೆ. ಲೈಕಮಿಂಗ್ ಎಂಜಿನ್ನಿನಲ್ಲಿ ಎರಡನೆಯ ಸಿಲಿಂಡರಿನ ಮುಂಬದಿಯಲ್ಲಿ ಹಾಗೂ ಮೂರನೆಯ ಸಿಲಿಂಡರಿನ ಹಿಂಬದಿಯಲ್ಲಿ ಫಿನ್‌ಗಳು ತೀರ ಗಿಡ್ಡ. ಅಲ್ಲಿ ತಡೆತಗಡು ಫಿನ್‌ಗಳಿಗೆ ಒತ್ತಿ ಕುಳಿತರೆ ಗಾಳಿಗೆ ಇಳಿಯಲು ಎಡೆಯೇ ಇರುವುದಿಲ್ಲ. ತಗಡನ್ನು ಕೆಲವು ಮಿಲಿಮೀಟರ್ ಹಿಂದಕ್ಕೆ ಸರಿಸಿ ಸಣ್ಣದೊಂದು ಕಾಲುದಾರಿಯನ್ನು ಮಾಡಿಕೊಟ್ಟರೆ ಆ ಸಿಲಿಂಡರಿನ ಉಷ್ಣತೆ ಇಳಿಯುತ್ತದೆ. ಒಂದೆಡೆ ಸಂದು ಮುಚ್ಚುವುದು, ಮತ್ತೊಂದೆಡೆ ಸಂದು ಬಿಡುವುದು. ಎರಡೂ ಒಂದೇ ತತ್ತ್ವದ ಎರಡು ಮುಖಗಳು.

ಎರಡನೆಯ ಹಂತ ಗವಾಕ್ಷಿಯದು. ಇಲ್ಲಿ ಮುಖ್ಯವಾದುದು ಅಳತೆಗಿಂತ ಆಕಾರ. ಅಂಚು ಹರಿತವಾಗಿದ್ದರೆ ಓರೆಯಾಗಿ ಬರುವ ಗಾಳಿಯು ಅಂಚಿನಿಂದ ಕಿತ್ತುಹೋಗಿ ಸುಳಿಗಳಾಗುತ್ತದೆ. ಅಂಚನ್ನು ತುಟಿಯಂತೆ ದುಂಡಗೆ ಮಾಡಿ, ಒಳಗಿನ ದಾರಿಯನ್ನು ಮೆಲ್ಲಮೆಲ್ಲನೆ ಅಗಲಿಸಿದರೆ ಗಾಳಿಯ ವೇಗ ಇಳಿದು ಒತ್ತಡವಾಗಿ ಮಾರ್ಪಡುತ್ತದೆ. ಬರ್ನೂಲಿಯ ಸೂತ್ರವನ್ನು ಕರಿಹಲಗೆಯ ಮೇಲೆ ಓದಿದವರು ಅದನ್ನು ಕೈಯಿಂದ ಮುಟ್ಟಬಹುದಾದ ಸ್ಥಳವಿದು.

ಮೂರನೆಯದೂ ಅತಿ ಮುಖ್ಯವೂ ಆದ ಹಂತ ಹೊರದಾರಿಯದು. ಮತ್ತೊಂದು ಲೆಕ್ಕವನ್ನು ನೋಡಬಹುದು. ಗಂಟೆಗೆ ೩೦೦ ಕಿ.ಮೀ. ಎಂದರೆ ಸೆಕೆಂಡಿಗೆ ಸುಮಾರು ೮೩ ಮೀಟರ್. ಆ ವೇಗದಲ್ಲಿ ಒಳಬಂದ ೧ ಕಿ.ಗ್ರಾಂ. ಗಾಳಿ ಸೆಕೆಂಡಿಗೆ ೪೦ ಮೀಟರ್ ವೇಗದಲ್ಲಿ ಹೊರಬಿದ್ದರೆ, ಕಳೆದುಹೋದ ವೇಗವು ೪೩ ನ್ಯೂಟನ್‌ಗಳ ತಡೆಯಾಗಿ ವಿಮಾನವನ್ನು ಹಿಂದಕ್ಕೆಳೆಯುತ್ತದೆ. ಇದನ್ನು ಮೀರಿ ಹಾರಲು ಬೇಕಾದ ಶಕ್ತಿ ಸುಮಾರು ೩.೬ ಕಿಲೋವಾಟ್, ಅಂದರೆ ಐದು ಅಶ್ವಶಕ್ತಿಗೆ ಹತ್ತಿರ. ಅದೇ ಗಾಳಿ ಸೆಕೆಂಡಿಗೆ ೭೦ ಮೀಟರ್ ವೇಗದಲ್ಲಿ, ವಿಮಾನ ಸಾಗುವ ದಿಕ್ಕಿಗೆ ನೇರ ಹಿಂದಕ್ಕೆ ಹೊರಟರೆ ನಷ್ಟವು ಒಂದೂವರೆ ಅಶ್ವಶಕ್ತಿಗೆ ಇಳಿಯುತ್ತದೆ. ಬಿಸಿಗಾಳಿಯನ್ನು ರಭಸದಿಂದ ಹಿಂದಕ್ಕೆ ಚಿಮ್ಮಿಸಿ ತಡೆಯ ಒಂದು ಪಾಲನ್ನು ಮರಳಿ ಪಡೆಯಬಹುದೆಂಬುದನ್ನು ಇಂಗ್ಲೆಂಡಿನ ಮೆರೆಡಿತ್ ಎಂಬ ವಿಜ್ಞಾನಿ ೧೯೩೫ರಲ್ಲಿಯೇ ತೋರಿಸಿಕೊಟ್ಟಿದ್ದರು. ಆದುದರಿಂದಲೇ ಹವ್ಯಾಸಿಗಳು ಎಂಜಿನ್ನಿನ ಹಿಂದಿರುವ ಬೆಂಕಿತಡೆ ಗೋಡೆಯ ಚೂಪಾದ ಕೆಳಮೂಲೆಗೆ ದುಂಡಗಿನ ತಗಡನ್ನು ಜೋಡಿಸಿ, ಗಾಳಿಯು ಸುಳಿಗಟ್ಟದೆ ತಿರುಗಿ ಹೊರಡುವಂತೆ ಮಾಡುತ್ತಾರೆ.

ಆದರೆ ಹೊರಬಾಯನ್ನು ಕಿರಿದು ಮಾಡಿದರೆ ಸಮತಲ ಹಾರಾಟದಲ್ಲಿ ವೇಗ ಹೆಚ್ಚುತ್ತದೆ, ಮೇಲೇರುವಾಗ ಎಂಜಿನ್ ಕಾಯುತ್ತದೆ. ಹಿರಿದು ಮಾಡಿದರೆ ಎಂಜಿನ್ ತಣ್ಣಗಿರುತ್ತದೆ, ವೇಗ ಕುಂದುತ್ತದೆ. ಎರಡನ್ನೂ ಬಯಸುವವರು ಚಾಲಕನು ತೆರೆದು ಮುಚ್ಚಬಲ್ಲ ಬಾಗಿಲೊಂದನ್ನು ಅಲ್ಲಿ ಅಳವಡಿಸುತ್ತಾರೆ. ಅದರಿಂದ ತೂಕವೂ ಹೆಚ್ಚುತ್ತದೆ, ಕೆಡಬಹುದಾದ ಭಾಗವೂ ಒಂದು ಹೆಚ್ಚುತ್ತದೆ. ದೋಷವಿಲ್ಲದ ಪರಿಹಾರವೆಂಬುದು ಇಲ್ಲಿಲ್ಲ. ಯಾವ ದೋಷವನ್ನು ಸಹಿಸಬಹುದೆಂಬ ವಿವೇಕ ಮಾತ್ರ ಉಂಟು.

ಅಳತೆ ಮತ್ತು ಸಂಯಮ

ಪರಿಷ್ಕರಣವು ಸಫಲವಾಯಿತೇ ಇಲ್ಲವೇ ಎಂಬುದನ್ನು ಊಹೆಯಿಂದ ಹೇಳಲಾಗದು. ಮೇಲಿನ ಮತ್ತು ಕೆಳಗಿನ ಕೋಣೆಗಳಿಗೆ ಸಣ್ಣ ಕೊಳವೆಗಳನ್ನು ಜೋಡಿಸಿ, ನೀರು ತುಂಬಿದ 'ಯು' ಆಕಾರದ ಪಾರದರ್ಶಕ ನಳಿಕೆಗೆ ತಂದರೆ ಒತ್ತಡದ ಅಂತರವನ್ನು ಸೆಂಟಿಮೀಟರಿನಲ್ಲಿ ಓದಬಹುದು. ಪ್ರೌಢಶಾಲೆಯ ಪ್ರಯೋಗಶಾಲೆಯಲ್ಲಿರುವ ಮ್ಯಾನೊಮೀಟರ್ ಇದೇ. ನಾಲ್ಕು ಸಿಲಿಂಡರುಗಳ ಉಷ್ಣತೆಯನ್ನೂ ಎಣ್ಣೆಯ ಉಷ್ಣತೆಯನ್ನೂ ಹೊರಗಿನ ಹವೆಯ ಉಷ್ಣತೆಯನ್ನೂ ಒಟ್ಟಿಗೆ ಬರೆದಿಡಬೇಕು. ತಂಪು ದಿನದಲ್ಲಿ ಹಾರಿ ಉಷ್ಣತೆ ಇಳಿಯಿತೆಂದು ಹಿಗ್ಗಿದರೆ ಅದು ಹೊದಿಕೆಯ ಗುಣವಲ್ಲ, ಹವೆಯ ಗುಣ.

ಒಮ್ಮೆಗೆ ಒಂದೇ ಮಾರ್ಪಾಡು ಎಂಬುದು ಈ ವಿದ್ಯೆಯ ಮೂಲಸೂತ್ರ. ಸೋರಿಕೆ ಮುಚ್ಚಿ, ಗವಾಕ್ಷಿ ತಿದ್ದಿ, ಹೊರದಾರಿ ಬದಲಿಸಿ, ಎಲ್ಲವನ್ನೂ ಒಂದೇ ವಾರದಲ್ಲಿ ಮಾಡಿ ಹಾರಿದವರಿಗೆ ಫಲ ಸಿಕ್ಕೀತು, ಜ್ಞಾನ ಸಿಕ್ಕದು. ಮೂರರಲ್ಲಿ ಒಂದು ಕೆಡುಕನ್ನೇ ಮಾಡಿದ್ದರೂ ಉಳಿದೆರಡರ ಒಳಿತಿನಲ್ಲಿ ಅದು ಅಡಗಿಹೋಗುತ್ತದೆ.

ಹೊದಿಕೆಯನ್ನು ನಾರುಗಾಜು ಮತ್ತು ಎಪಾಕ್ಸಿ ಅಂಟಿನಿಂದ ಮಾಡುವುದು ವಾಡಿಕೆ. ಈ ಅಂಟು ಹೆಚ್ಚು ಶಾಖವನ್ನು ತಾಳದು. ಹೊರದಾರಿಯನ್ನು ಕಿರಿದುಗೊಳಿಸುವಾಗ ಹೊಗೆಕೊಳವೆಯು ಹೊದಿಕೆಗೆ ಸಮೀಪವಾದರೆ ಸುಟ್ಟುಹೋಗುವ ಭಯವುಂಟು. ಅಲ್ಲಿ ಶಾಖತಡೆಯ ಹಾಳೆ ಅವಶ್ಯ. ಮಾರ್ಪಾಡು ದೊಡ್ಡದೆನಿಸಿದರೆ ಅಮೆರಿಕದಲ್ಲಿ ವಿಮಾನವು ಮತ್ತೆ ಪರೀಕ್ಷಾರ್ಥ ಹಾರಾಟದ ಹಂತಕ್ಕೆ ಮರಳಬೇಕು. ಜನವಸತಿಯಿಂದ ದೂರವಾದ ಗೊತ್ತಾದ ಪ್ರದೇಶದಲ್ಲಿ ಪ್ರಯಾಣಿಕರಿಲ್ಲದೆ ಕನಿಷ್ಠ ೫ ಗಂಟೆಗಳ ಕಾಲ ಹಾರಿ ತೋರಿಸಬೇಕು. ಕಟ್ಟಿದವನ ತಪ್ಪಿಗೆ ಮತ್ತೊಬ್ಬನ ಪ್ರಾಣ ಒತ್ತೆಯಾಗಬಾರದೆಂಬುದೇ ಈ ನಿಯಮದ ಆಶಯ.

ಕನ್ನಡ ನಾಡಿನ ಸಂಬಂಧ

ಈ ವಿದ್ಯೆ ನಮ್ಮ ನಾಡಿಗೆ ತೀರ ಅಪರಿಚಿತವಲ್ಲ. ಅಮೆರಿಕದ ಬರ್ಟ್ ರೂಟನ್ ಹವ್ಯಾಸಿಗಳಿಗಾಗಿ ರಚಿಸಿದ ಲಾಂಗ್-ಈಜೀ ಎಂಬ ವಿಮಾನವು ೧೯೭೯ರಲ್ಲಿ ಹಾರಿತು. ಅದರ ಎಂಜಿನ್ ಮತ್ತು ಪ್ರೊಪೆಲರ್ ಹಿಂಬದಿಯಲ್ಲಿರುತ್ತವೆ. ನೆಲದ ಮೇಲಿರುವಾಗ ಮುಂದಿನ ಪ್ರೊಪೆಲರಿನಂತೆ ಗಾಳಿಯನ್ನು ಗವಾಕ್ಷಿಗೆ ಬೀಸಿಕೊಡುವ ಅನುಕೂಲ ಇಲ್ಲಿಲ್ಲವಾದುದರಿಂದ ಎಂಜಿನ್ನನ್ನು ತಣಿಸುವ ಸಮಸ್ಯೆ ಇನ್ನಷ್ಟು ಜಟಿಲ. ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯವು ೧೯೮೦ರ ದಶಕದಲ್ಲಿ ಪ್ರೊಫೆಸರ್ ರುಸ್ತುಂ ದಮಾನಿಯಾ ಅವರ ಮುಂದಾಳುತನದಲ್ಲಿ ಈ ವಿನ್ಯಾಸವನ್ನೇ ಆಧರಿಸಿ ಹಗುರವಾದ ಸಂಶೋಧನಾ ವಿಮಾನವೊಂದನ್ನು ಕಟ್ಟಿ ಹಾರಿಸಿತು. ಮುಂದೆ ರಕ್ಷಣಾ ಸಂಶೋಧನಾ ಸಂಸ್ಥೆಯು ಅದರಿಂದ ರೂಪಿಸಿದ ಚಾಲಕರಹಿತ ವಿಮಾನಕ್ಕೆ 'ರುಸ್ತುಂ' ಎಂದು ಅವರ ಹೆಸರನ್ನೇ ಇಡಲಾಯಿತು. ಹವ್ಯಾಸಿಗಳ ಕಾರುಶೆಡ್ಡಿಗಾಗಿ ಹುಟ್ಟಿದ ವಿನ್ಯಾಸವು ರಾಷ್ಟ್ರದ ಕಾರ್ಯಕ್ಕೂ ಒದಗಿತೆಂಬುದು ಅಭಿಮಾನದ ಸಂಗತಿ.

ತರಗತಿಯಲ್ಲಿ ಮಾಡಬಹುದಾದ ಪ್ರಯೋಗ

ವಿಮಾನವಿಲ್ಲದೆಯೂ ಈ ತತ್ತ್ವವನ್ನು ಮಕ್ಕಳಿಗೆ ತೋರಿಸಬಹುದು. ಒಂದೇ ಅಳತೆಯ ಮೂರು ರಟ್ಟಿನ ಪೆಟ್ಟಿಗೆಗಳಿಗೆ ಮುಂದೆ ಒಂದೇ ಅಳತೆಯ ಕಿಂಡಿ ಕೊರೆಯಬೇಕು. ಮೊದಲನೆಯದಕ್ಕೆ ಹಿಂದೆಯೂ ಕಿಂಡಿಯಿರಲಿ. ಎರಡನೆಯದಕ್ಕೆ ಹಿಂಗಿಂಡಿಯೊಡನೆ, ಒಳಗಿನ ಗಾಳಿಯನ್ನು ಡಬ್ಬಿಯ ಮೈಗೆ ಒತ್ತಿ ಹರಿಸುವ ರಟ್ಟಿನ ತಡೆಗಳಿರಲಿ. ಮೂರನೆಯದಕ್ಕೆ ಹಿಂಗಿಂಡಿಯೇ ಬೇಡ. ಒಂದೇ ಬಗೆಯ ತಗಡಿನ ಡಬ್ಬಿಗೆ ಒಂದೇ ಅಳತೆಯ ಬಿಸಿನೀರನ್ನು ಶಿಕ್ಷಕರೇ ತುಂಬಿ, ಒಂದೊಂದು ಪೆಟ್ಟಿಗೆಯಲ್ಲಿಯೂ ಇಟ್ಟು, ಮೇಜಿನ ಫ್ಯಾನನ್ನು ಒಂದೇ ದೂರದಿಂದ ಬೀಸಬೇಕು. ಎರಡು ನಿಮಿಷಕ್ಕೊಮ್ಮೆ ಉಷ್ಣತಾಮಾಪಕವನ್ನು ಓದಿ ನಕ್ಷೆ ಬರೆಸಿದರೆ, ಮುಂದಿನ ಕಿಂಡಿ ಒಂದೇ ಆಗಿದ್ದರೂ ಹೊರದಾರಿಯಿಲ್ಲದ ಪೆಟ್ಟಿಗೆಯ ನೀರು ಹಿಂದೆ ಬೀಳುವುದು ಕಾಣುತ್ತದೆ. ಕಾರಣವನ್ನು ಶಿಕ್ಷಕರು ಹೇಳದೆ ಮಕ್ಕಳಿಂದಲೇ ಹೇಳಿಸುವುದು ಉಚಿತ.

ಉಪಸಂಹಾರ

ಎಂಜಿನ್ ಹೊದಿಕೆಯ ಪರಿಷ್ಕರಣವು ಮೇಲ್ನೋಟಕ್ಕೆ ತಗಡು ಮತ್ತು ಅಂಟಿನ ಕೆಲಸ. ಒಳಹೊಕ್ಕು ನೋಡಿದರೆ ಅದು ವಿಚಾರದ ಕೆಲಸ. ತೊಂದರೆ ಕಾಣಿಸಿಕೊಂಡ ಸ್ಥಳವೇ ಅದರ ಕಾರಣವಿರುವ ಸ್ಥಳವಾಗಿರಬೇಕಿಲ್ಲ. ಮುಂದಿನ ಸಿಲಿಂಡರ್ ಕಾಯುವುದಕ್ಕೆ ಹಿಂದಿನ ಬಾಯಿ ಕಾರಣವಾಗಿರಬಹುದು. ಆದಕಾರಣ ಗಾಳಿಯ ದಾರಿಯನ್ನು ಪ್ರವೇಶದಿಂದ ನಿರ್ಗಮನದವರೆಗೆ ಇಡಿಯಾಗಿ ನೋಡಬೇಕು. ಬದಲಿಸುವ ಮುನ್ನ ಅಳೆಯಬೇಕು, ಬದಲಿಸಿದ ಮೇಲೆಯೂ ಅಳೆಯಬೇಕು. ಗಾಳಿಸುರಂಗದಲ್ಲಿ ವೀಕ್ ಅನುಸರಿಸಿದ ಕ್ರಮವೂ, ಕಾರುಶೆಡ್ಡಿನಲ್ಲಿ ನೀರಿನ ನಳಿಕೆ ಹಿಡಿದ ಹವ್ಯಾಸಿಯ ಕ್ರಮವೂ, ರಟ್ಟಿನ ಪೆಟ್ಟಿಗೆಯ ಮುಂದೆ ಕುಳಿತ ವಿದ್ಯಾರ್ಥಿಯ ಕ್ರಮವೂ ಒಂದೇ. ಉಪಕರಣಗಳಲ್ಲಿ ಹಿರಿದು ಕಿರಿದು ಇರಬಹುದು, ಶಿಸ್ತಿನಲ್ಲಿ ಇಲ್ಲ. ಶಾಲೆಗಳು ಕಲಿಸಬೇಕಾದುದು ಈ ಶಿಸ್ತನ್ನು.